ಹಳೆ ಮನೆಯ ಹಾಲ್: ಬಳಿಯೋದಾ, ಬದಲಿಸೋದಾ, ಒಡೆಯೋದಾ?

ದೀಪಾವಳಿ ಕಳೆದ ಮೇಲೆ ಮೂರು ಮನೆಯವರು ನನ್ನನ್ನು ಒಂದೇ ಮಾತು ಕೇಳಿದ್ದಾರೆ. "ಹಾಲ್ ತುಂಬಾ ಹಳೇದಾಗಿದೆ, ಏನು ಮಾಡಿಸೋಣ?"

ಮೊದಲನೆಯದು ದಾವಣಗೆರೆ ವಿನೋಬನಗರದ ಮನೆ. 1980ರ ದಶಕದ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ ತಾರಸಿ. ಮೊಸಾಯಿಕ್ ನೆಲ, ಗೋಡೆಯೊಳಗೇ ಸಿಮೆಂಟಿನಲ್ಲಿ ಕಟ್ಟಿದ ಶೋಕೇಸ್, ಅದರಲ್ಲಿ ಯಾರೋ ಪ್ರವಾಸದಿಂದ ತಂದುಕೊಟ್ಟ ತಾಜ್ ಮಹಲ್. ಎರಡನೆಯದು ಚೌಕಿಪೇಟೆ ಹತ್ತಿರದ್ದು, ಹತ್ತಿ ಗಿರಣಿಗಳು ಜೋರಾಗಿದ್ದ ಕಾಲದ ಮನೆ. ಮದ್ರಾಸ್ ಟೆರೇಸ್, ಕೆಂಪು ಗಾರೆ ನೆಲ, ತೇಗದ ಬಾಗಿಲು. ಮೂರನೆಯದು ಚಿತ್ರದುರ್ಗದಲ್ಲಿ, ಕೋಟೆ ಬುಡದಲ್ಲಿ ಇರುವ ನಮ್ಮ ದೊಡ್ಡಮ್ಮನ ಮನೆ. ಮಣ್ಣಿನ ಮಾಳಿಗೆ, ಎರಡಡಿ ದಪ್ಪದ ಗೋಡೆ. ನಡುಮನೆಗೆ ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಒಂದೇ ಗವಾಕ್ಷಿಯಿಂದ.

ಚಿತ್ರದುರ್ಗದಿಂದ ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಬಿಸಿಲು ಮಾತ್ರ ಇನ್ನೂ ಭಾಗ ಆಗಿಲ್ಲ. ಹಾಗಾಗಿ ಮೂವರಿಗೂ ಒಟ್ಟಿಗೇ ಉತ್ತರ ಬರೆಯಬಹುದು ಅನ್ನಿಸಿತು.

ನಾನು ಇಂಜಿನಿಯರ್ ಅಲ್ಲ. ನಮ್ಮ ಮನೆಯ ಹಾಲನ್ನು ಎರಡು ಸಲ ಮಾಡಿಸಿದವನು, ಅಷ್ಟೇ. ಎರಡು ಸಲ ಯಾಕೆ ಅಂದರೆ ಮೊದಲನೇ ಸಲ ತಪ್ಪು ಮಾಡಿದ್ದೆ. ಚಾವಣಿ ಮೂಲೆಯಲ್ಲಿ ಸಣ್ಣದೊಂದು ಹಳದಿ ಕಲೆ ಇತ್ತು. "ಫಾಲ್ಸ್ ಸೀಲಿಂಗ್ ಹಾಕಿದರೆ ಕಾಣಲ್ಲ ಬಿಡಿ" ಅಂದರು ಕೆಲಸದವರು. ನಿಜ, ಕಾಣಲಿಲ್ಲ. ಮುಂದಿನ ಅಕ್ಟೋಬರ್ ಮಳೆಗೆ ಜಿಪ್ಸಮ್ ಬೋರ್ಡು ನೀರು ಕುಡಿದು ಹೊಟ್ಟೆ ಬಿಟ್ಟುಕೊಂಡು ಕೂತಿತು. ಮೇಲಿನ ಸೋರಿಕೆಗೆ ಎಷ್ಟು ಖರ್ಚಾಗುತ್ತಿತ್ತೋ ಅದರ ನಾಲ್ಕು ಪಟ್ಟು ಕೊಟ್ಟು ಕಲಿತ ಪಾಠ ಅದು.

ಮೊದಲು ಯಾವುದರಿಂದ ಅಳೆಯೋದು

ಬಣ್ಣ, ಮಾಡೆಲ್ಲು, ಅಕ್ಕಪಕ್ಕದ ಮನೆ ಇವನ್ನೆಲ್ಲ ಸ್ವಲ್ಪ ಪಕ್ಕಕ್ಕಿಡಿ. ನಾನು ಪ್ರತಿ ಆಯ್ಕೆಗೂ ಐದು ಪ್ರಶ್ನೆ ಹಾಕುತ್ತೇನೆ.

ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೆ ಆ ಕೋಣೆಯಲ್ಲಿ ಕೂರಲು ಆಗುತ್ತದಾ? ಇದು ಮೊದಲನೆಯದು. ಮಧ್ಯಾಹ್ನ ಎಲ್ಲರ ಮನೆಯೂ ಕಾದಿರುತ್ತದೆ. ಕಾಂಕ್ರೀಟ್ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಅದನ್ನು ಕೆಳಗೆ ಬಿಡುತ್ತದೆ. ಮನೆಮಂದಿ ಎಲ್ಲ ಸೇರುವ ಹೊತ್ತೇ ಅದು.

ಗೋಡೆಯಲ್ಲೋ ನೆಲದಲ್ಲೋ ತೇವ ಇದೆಯಾ? ಇದ್ದರೆ ಹೊಸ ಕೆಲಸ ಅದನ್ನು ಹೊರಗೆ ಬಿಡುತ್ತದಾ, ಒಳಗೆ ಕೂಡಿಹಾಕುತ್ತದಾ?

ಆ ನೆಲದ ಮೇಲೆ ಯಾರು ನಡೆಯುತ್ತಾರೆ, ಯಾರು ಕೂರುತ್ತಾರೆ? ಮಂಡಿನೋವಿನ ಅಜ್ಜಿ, ಅಂಬೆಗಾಲಿಡುವ ಮಗು, ಹಬ್ಬಕ್ಕೆ ಬಂದ ಬೀಗರು, ಕೆಳಗೆ ಪೇಪರ್ ಹಾಸಿ ಮಂಡಕ್ಕಿ ಮಿರ್ಚಿ ಹರಡುವ ಹುಡುಗರು. ಎಣ್ಣೆ, ಅರಿಶಿನ, ನಿಂಬೆರಸ ಮೂರೂ ಆ ನೆಲದ ಮೇಲೆ ಬೀಳುವುದು ಗ್ಯಾರಂಟಿ.

ಎಷ್ಟು ದಿನ ಮನೆ ಧೂಳಲ್ಲಿ ಇರಬೇಕು? ಬೇರೆ ಕಡೆ ಉಳಿಯಲು ಜಾಗ ಇದ್ದವರ ಲೆಕ್ಕ ಬೇರೆ, ಅದೇ ಮನೆಯ ಒಂದು ಮೂಲೆಯಲ್ಲಿ ಅಡುಗೆ ಮಾಡಿಕೊಂಡು ಇರುವವರ ಲೆಕ್ಕ ಬೇರೆ.

ಕೊನೆಯದು, ಜನ ಕೇಳಲು ಮರೆಯುವುದು: ಮಾಡಿದ ಮೇಲೆ ಮನಸ್ಸು ಬದಲಾದರೆ ವಾಪಸ್ ಬರಲು ಆಗುತ್ತದಾ? ಬಣ್ಣ ಬದಲಿಸಬಹುದು. ಒಡೆದು ಲಾರಿಗೆ ತುಂಬಿದ ಕೆಂಪು ಗಾರೆ ಮತ್ತೆ ಬರುವುದಿಲ್ಲ.

ಕತ್ತು ಎತ್ತಿ ಮೇಲೆ ನೋಡಿ

ಎಲ್ಲರೂ ನೆಲದಿಂದ ಶುರು ಮಾಡುತ್ತಾರೆ. ಟೈಲ್ಸ್ ಅಂಗಡಿಯಲ್ಲಿ ಏಸಿ ಇರುತ್ತದೆ, ಟೀ ಕೊಡುತ್ತಾರೆ, ನೋಡಲು ಚೆನ್ನಾಗಿರುತ್ತದೆ. ಮಾಳಿಗೆ ಹತ್ತಿ ನೋಡುವುದು ಬೇಜಾರಿನ ಕೆಲಸ. ಆದರೆ ನಿಮ್ಮ ಚಾವಣಿ ಯಾವ ಜಾತಿಯದು ಅನ್ನುವುದರ ಮೇಲೆ ಉಳಿದದ್ದು ಅರ್ಧ ತೀರ್ಮಾನ ಆಗುತ್ತದೆ.

ಮಣ್ಣಿನ ಮಾಳಿಗೆಯನ್ನು ಹಗುರವಾಗಿ ನೋಡಬೇಡಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಹಲಗೆಯೋ ಗಳವೋ, ಸೊಪ್ಪು, ಆಮೇಲೆ ದಪ್ಪ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಈ ಕರಲು ಒದ್ದೆಯಾದಾಗ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗೆ ಇಳಿಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹರಡುತ್ತಿದ್ದುದು ಅದಕ್ಕೇ. ಆ ದಪ್ಪ ಮಣ್ಣೇ ಮೇ ತಿಂಗಳಲ್ಲೂ ಒಳಗೆ ತಂಪು ಕೊಡುವುದು. ದೊಡ್ಡಮ್ಮನ ನಡುಮನೆಯಲ್ಲಿ ಮಧ್ಯಾಹ್ನ ಮಲಗಿದವರು ಫ್ಯಾನ್ ಹಾಕಿ ಅಂತ ಕೇಳುವುದಿಲ್ಲ.

ಅದಕ್ಕೆ ಒಬ್ಬರು ಕೊಟ್ಟ ಸಲಹೆ: "ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕಿಬಿಡಿ, ಜೀವನಪೂರ್ತಿ ಚಿಂತೆ ಇಲ್ಲ." ದಯವಿಟ್ಟು ಹಾಕಬೇಡಿ. ಹಳೆ ತೊಲೆ ಈಗಾಗಲೇ ಮಣ್ಣಿನ ಭಾರ ಹೊತ್ತಿದೆ. ಅದರ ಮೇಲೆ ಕಾಂಕ್ರೀಟಿನ ಭಾರ ಬಿದ್ದರೆ ಬಗ್ಗುತ್ತದೆ. ಮಣ್ಣಿನೊಳಗೆ ಉಳಿದ ತೇವ ಮೇಲಕ್ಕೆ ಆರಲು ದಾರಿ ಇಲ್ಲದೆ ಮರಕ್ಕೆ ಇಳಿಯುತ್ತದೆ. ಮಣ್ಣು ಹರಡುವ ಆಳು ಸಿಗುವುದಿಲ್ಲ ಅನ್ನುವುದೇ ತೊಂದರೆ ಆದರೆ, ಒಂದೆರಡು ಅಡಿ ಸಂದು ಬಿಟ್ಟು ಮೇಲೆ ಶೀಟಿನ ಮಾಡು ಹಾಕಿಸಿ. ಅದರ ಭಾರವನ್ನು ಗೋಡೆಯ ಮೇಲೋ ಬೇರೆ ಕಂಬದ ಮೇಲೋ ಇಳಿಸಬೇಕು, ಜಂತೆಯ ಮೇಲಲ್ಲ. ದುರ್ಗದ ಗಾಳಿ ಗೊತ್ತಲ್ಲ, ಸುಮ್ನೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿಲ್ಲ. ಶೀಟನ್ನು ಗಟ್ಟಿಯಾಗಿ ಬಿಗಿಸಬೇಕು. ಗವಾಕ್ಷಿಯ ನೇರಕ್ಕೆ ಮಾತ್ರ ಪಾರದರ್ಶಕ ಶೀಟ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ನಡುಮನೆ ಹಗಲಲ್ಲೂ ಕತ್ತಲೆ.

ಮದ್ರಾಸ್ ಟೆರೇಸ್ ಕೂಡ ತಂಪು. ತೇಗದ ಜಂತೆಗಳ ಮೇಲೆ ಸುಣ್ಣದ ಗಾರೆಯಲ್ಲಿ ಇಟ್ಟಿಗೆಗಳನ್ನು ನಿಲ್ಲಿಸಿ ಕಟ್ಟಿ, ಮೇಲೆ ಇಟ್ಟಿಗೆ ಚೂರಿನ ಕಾಂಕ್ರೀಟ್ ಬಡಿದು ಮಾಡಿದ್ದು. ಇಲ್ಲಿ ನೋಡಬೇಕಾದದ್ದು ಜಂತೆಯ ತುದಿ, ಅಂದರೆ ಅದು ಗೋಡೆಯೊಳಗೆ ಹೋಗುವ ಜಾಗ. ಕೊಳೆಯುವುದು ಅಲ್ಲಿಂದಲೇ. ಒಂದು ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಹಾಲಿನ ಬಣ್ಣದ ಮಾತು ಆಮೇಲೆ, ಮೊದಲು ಬಡಗಿ.

ಆರ್‌ಸಿಸಿಯದು ಬೇರೆ ಕಥೆ. ತಾರಸಿಯ ಮೇಲೆ ಒಂದು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ಕಲೆ ಬರುತ್ತದಾ ನೋಡಿ. ಈ ಪರೀಕ್ಷೆ ಆರ್‌ಸಿಸಿಗೆ ಮಾತ್ರ. ಮಣ್ಣಿನ ಮಾಳಿಗೆಯ ಮೇಲೆ ನೀರು ಕಟ್ಟಿದರೆ ಹಾಲ್ ರಿಪೇರಿಯ ಅಗತ್ಯವೇ ಉಳಿಯದೆ ಹೋಗಬಹುದು! ಒಳಗಡೆ ಚಕ್ಕೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದಕ್ಕೆ ಗಿಲಾವು ಮೆತ್ತಿ ಬಣ್ಣ ಹೊಡೆಯುವುದು ಮೋಸ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಮೆತ್ತಿದ್ದನ್ನು ಮತ್ತೆ ದೂಡುತ್ತದೆ. ತುಕ್ಕು ಕೆರೆದು, ಕಂಬಿಗೆ ರಕ್ಷಣೆಯ ಲೇಪ ಕೊಟ್ಟು, ರಿಪೇರಿ ಗಾರೆ ತುಂಬಬೇಕು. ಬಿಐಇಟಿ, ಯುಬಿಡಿಟಿ ಅಂತ ಇಂಜಿನಿಯರಿಂಗ್ ಕಾಲೇಜುಗಳೇ ಇರುವ ಊರು ದಾವಣಗೆರೆ. ಸ್ಟ್ರಕ್ಚರಲ್ ಇಂಜಿನಿಯರ್ ಸಿಗಲಿಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ಸೆಕೆಗೆ: ಬಿಳಿ ಬಣ್ಣವೋ, ಫಾಲ್ಸ್ ಸೀಲಿಂಗೋ, ಏಸಿಯೋ

ವಿನೋಬನಗರದವರ ತಲೆಯಲ್ಲಿ ಇದ್ದದ್ದು ಫಾಲ್ಸ್ ಸೀಲಿಂಗ್. ಅಂಚಿನಲ್ಲಿ ಸಣ್ಣ ಲೈಟು, ನಡುವೆ ವೃತ್ತ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಮೊದಲ ರೂಪಾಯಿ ಹೋಗಬೇಕಾದದ್ದು ತಾರಸಿಯ ಬಿಳಿ ಬಣ್ಣಕ್ಕೆ. ಬಿಸಿಲನ್ನು ವಾಪಸ್ ಕಳಿಸುವ ಕೂಲ್ ರೂಫ್ ಲೇಪ ಸಿಗುತ್ತದೆ. ದುಡ್ಡಿಲ್ಲದಿದ್ದರೆ ಸುಣ್ಣಕ್ಕೆ ಅಂಟು ಬೆರೆಸಿ ಬಳಿದರೂ ಆ ಬೇಸಿಗೆಗೆ ಸಾಕು, ಮುಂದಿನ ವರ್ಷ ಮತ್ತೆ ಬಳಿಯಬೇಕು. ಬಿಸಿ ಒಳಗೆ ಬಂದ ಮೇಲೆ ತಡೆಯುವುದಕ್ಕಿಂತ ಹೊರಗೇ ನಿಲ್ಲಿಸುವುದು ಅಗ್ಗ. ಆದರೆ ನಮ್ಮ ಧೂಳಿಗೆ ಬಿಳಿ ಬಣ್ಣ ಬೇಗ ಮಾಸುತ್ತದೆ. ವರ್ಷಕ್ಕೊಮ್ಮೆ ತೊಳೆಯದಿದ್ದರೆ ಕೊಟ್ಟ ದುಡ್ಡು ದಂಡ. ಇನ್ನು ತಾರಸಿಯಲ್ಲಿ ಹಪ್ಪಳ ಸಂಡಿಗೆ ಒಣಗಿಸುವವರು ಮೇ ತಿಂಗಳಲ್ಲಿ ಕಣ್ಣು ಕುಕ್ಕುತ್ತದೆ ಅಂತ ದೂರುತ್ತಾರೆ, ಅದೂ ನಿಜ.

ಫಾಲ್ಸ್ ಸೀಲಿಂಗ್ ಸೆಕೆ ಕಡಿಮೆ ಮಾಡುತ್ತದಾ? ಸ್ವಲ್ಪ. ಮೇಲೆ ನಿರೋಧಕ ಹಾಸು ಇಟ್ಟರೆ ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೆ ಪ್ರತಿಯಾಗಿ ಅದು ಅರ್ಧ ಅಡಿ ಎತ್ತರ ತಿನ್ನುತ್ತದೆ. ಹತ್ತಡಿ ಎತ್ತರದ ಹಾಲಿನಲ್ಲಿ ಫ್ಯಾನ್ ಇನ್ನೂ ಕೆಳಗೆ ಬರುತ್ತದೆ. ಮಗುವನ್ನು ಮೇಲೆತ್ತಿ ಆಡಿಸುವ ಮನೆಯಲ್ಲಿ ಇದು ಯೋಚಿಸಬೇಕಾದ ಮಾತು. ಮಸಿ, ಧೂಳು ಜಾಸ್ತಿ ಇರುವ ಮಂಡಕ್ಕಿ ಹುರಿಯುವ ಭಟ್ಟಿಗಳ ಕಡೆಯ ಮನೆಗಳಲ್ಲಿ ಆ ಲೈಟಿನ ಅಂಚುಗಳು ಆರು ತಿಂಗಳಿಗೆ ಕಪ್ಪಾಗುತ್ತವೆ. ಮೇಲೆ ಹತ್ತಿ ಒರೆಸುವವರು ಯಾರು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ. ಮರದ ಜಂತೆ ಇರುವ ಮನೆಗೆ ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಇಲಿಗೆ ಮನೆ, ಗೆದ್ದಲಿಗೆ ಪರದೆ. ಜಂತೆ ಕೊಳೆಯುತ್ತಿದ್ದರೂ ಗೊತ್ತಾಗುವುದಿಲ್ಲ.

ನಿಮ್ಮ ಹಾಲಿನ ಮೇಲೆ ಇನ್ನೊಂದು ಮಹಡಿ ಇದ್ದರೆ ಈ ಚರ್ಚೆಯೇ ಬೇಡ. ಆಗ ಸೆಕೆ ಬರುವುದು ಪಶ್ಚಿಮದ ಗೋಡೆಯಿಂದ. ಆ ಕಡೆ ಒಂದು ಬೇವಿನ ಗಿಡವೋ ಕಿಟಕಿಗೆ ಹೊರಗಿನಿಂದ ಬಿದಿರಿನ ಚಾಪೆಯೋ ಸಾಕು.

ಏಸಿ ಹಾಕಿಸುವುದು ತಪ್ಪಲ್ಲ. ತಾರಸಿಗೆ ಬಳಿದ ಮೇಲೆ ಹಾಕಿಸಿ, ಕರೆಂಟ್ ಬಿಲ್ಲು ನಿಮಗೇ ಥ್ಯಾಂಕ್ಸ್ ಹೇಳುತ್ತದೆ.

ನೆಲ: ಇಲ್ಲೇ ಜಗಳ ಆಗೋದು

12 ಅಡಿ, 18 ಅಡಿಯ ಹಾಲ್ ಅಂದರೆ 216 ಚದರ ಅಡಿ. ದರಗಳು ವರ್ಷ ವರ್ಷ ಬದಲಾಗುತ್ತವೆ, ಆದ್ದರಿಂದ ಪ್ರಮಾಣ ಹೇಳುತ್ತೇನೆ. ಇರುವ ಮೊಸಾಯಿಕ್ ಪಾಲಿಶ್ ಮಾಡಿಸಲು ಒಂದು ರೂಪಾಯಿ ಆದರೆ, ಸಾಧಾರಣ ವಿಟ್ರಿಫೈಡ್ ಟೈಲ್ಸ್‌ಗೆ ಕೂಲಿ ಸೇರಿ ನಾಲ್ಕೈದು, ಗ್ರಾನೈಟ್‌ಗೆ ಏಳೆಂಟು. ಇದು ನಾನು ಎರಡು ಸಲ ಕೊಟ್ಟ ಮತ್ತು ನೆಂಟರು ಕೊಟ್ಟ ದುಡ್ಡಿನ ಅಂದಾಜು.

ಮೊಸಾಯಿಕ್ ಹಳೆ ಫ್ಯಾಷನ್ ಅಂತ ಒಡೆಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಸಿಮೆಂಟಿನಲ್ಲಿ ಅಮೃತಶಿಲೆ ಚೂರು ಕೂರಿಸಿ ಮಾಡಿದ್ದು. ಮೇಲಿನ ಒಂದು ಕೂದಲಿನಷ್ಟು ಪದರ ಸವೆಸಿದರೆ ಹೊಸ ಮುಖ ಬರುತ್ತದೆ. ಒರಟು ಕಲ್ಲಿನಿಂದ ನುಣುಪು ಕಲ್ಲಿನವರೆಗೆ ಮೆಷಿನ್ ಮೂರ್ನಾಲ್ಕು ಸಲ ಓಡಿಸುತ್ತಾರೆ. ಎರಡು ಮೂರು ದಿನದ ಕೆಲಸ. ಬಿಳಿ ಕೆಸರು ಮನೆಯೆಲ್ಲ ಆಗುತ್ತದೆ, ಗೋಡೆಯ ಬುಡಕ್ಕೆ ಪ್ಲಾಸ್ಟಿಕ್ ಕಟ್ಟಿಸಿ. ಕೆಸರನ್ನು ಬಚ್ಚಲಿಗೆ ಬಿಡಬೇಡಿ, ಪೈಪಿನೊಳಗೆ ಕಲ್ಲಾಗುತ್ತದೆ. ದೋಷ ಏನು ಅಂದರೆ ಅದು ಕುಡಿಯುವ ನೆಲ. ಮಿರ್ಚಿ ಎಣ್ಣೆ ಬಿಟ್ಟರೆ ಕಲೆ ಉಳಿಯುತ್ತದೆ, ನಿಂಬೆಹುಳಿ ಬಿದ್ದರೆ ಅಮೃತಶಿಲೆಯ ಹೊಳಪು ಹೋಗುತ್ತದೆ. ಪಾಲಿಶ್ ಆದ ಮೇಲೆ ಸೀಲರ್ ಹೊಡೆಸಿದರೆ ಒರೆಸಿಕೊಳ್ಳಲು ಸಮಯ ಸಿಗುತ್ತದೆ, ಅಷ್ಟೇ.

ಕೆಂಪು ಗಾರೆ ಇನ್ನೂ ಸೂಕ್ಷ್ಮ. ಬರಿಗಾಲಿಗೆ ಅದರಷ್ಟು ಹಿತ ಯಾವುದೂ ಇಲ್ಲ, ವಯಸ್ಸಾದಷ್ಟೂ ಹೊಳಪು ಜಾಸ್ತಿ. ಆದರೆ ಬಿರುಕು ಬಿಟ್ಟ ಜಾಗಕ್ಕೆ ತೇಪೆ ಹಾಕಿದರೆ ಬಣ್ಣ ಎಂದೂ ಕೂಡುವುದಿಲ್ಲ. ದಾವಣಗೆರೆಯ ಎರೆಮಣ್ಣಿನ ಜಾಗಗಳಲ್ಲಿ ಬಿರುಕು ಇನ್ನೂ ಸಹಜ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮೇಲಿರುವ ನೆಲವನ್ನೂ ಜೊತೆಗೆ ಆಡಿಸುತ್ತದೆ. ನನ್ನ ಅಳತೆ ಹೀಗೆ: ಬಿರುಕು ಕೂದಲೆಳೆಯಷ್ಟೇ ಇದ್ದು ಎರಡೂ ಕಡೆ ಸಮ ಇದ್ದರೆ ಉಳಿಸಿಕೊಳ್ಳಿ. ಚೆನ್ನಾಗಿ ತೊಳೆದು, ಒಣಗಿಸಿ, ಮೇಣ ಉಜ್ಜಿಸಿ. ಬಿರುಕಿನ ಒಂದು ಕಡೆ ಕುಸಿದು ಕಾಲಿಗೆ ತಡೆಯುತ್ತಿದ್ದರೆ ಮಾತ್ರ ತೆಗೆಸಿ. ಹೊಸದಾಗಿ ಕೆಂಪು ಗಾರೆ ಮಾಡಿಸುವ ಆಸೆ ಇದ್ದರೆ ಮೊದಲು ಮೇಸ್ತ್ರಿ ಹಿಂದೆ ಮಾಡಿದ ನೆಲವನ್ನು ಕಣ್ಣಾರೆ ನೋಡಿ ಬನ್ನಿ. ಕೈ ಪಳಗದವರು ಮಾಡಿದರೆ ಮೋಡ ಕವಿದ ಆಕಾಶದ ಹಾಗೆ ಕಾಣುತ್ತದೆ. ಜೊತೆಗೆ ವಾರಕ್ಕೂ ಜಾಸ್ತಿ ದಿನ ಒದ್ದೆ ಇಡಬೇಕು. ನಲ್ಲಿ ನೀರು ಬರುವ ದಿನ ಎಣಿಸುವ ಏಪ್ರಿಲ್‌ನಲ್ಲಿ ಆ ಕೆಲಸ ಹಿಡಿಯಬೇಡಿ.

ವಿಟ್ರಿಫೈಡ್ ಟೈಲ್ಸ್‌ನ ದೊಡ್ಡ ಗುಣ ಅದು ಏನನ್ನೂ ಕುಡಿಯುವುದಿಲ್ಲ ಅನ್ನುವುದು. ನೀರು ಹೀರುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಎಣ್ಣೆ, ಅರಿಶಿನ ಒರೆಸಿದರೆ ಹೋಯಿತು. ಇದೇ ಗುಣ ಅದರ ಕೊರತೆಯೂ ಹೌದು. ಏನನ್ನೂ ಕುಡಿಯದ ಟೈಲ್ ನೀರಲ್ಲಿ ಕಲಸಿದ ಬರೀ ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ. ನಮ್ಮ ಮೊದಲ ಸಲದ ಎರಡನೇ ಪೆಟ್ಟು ಇದು. ಸಂದು ಬಿಡದೆ ಒಂದಕ್ಕೊಂದು ತಾಗಿಸಿ ಹಾಕಿದ್ದರು. ಎರಡನೇ ಬೇಸಿಗೆಯಲ್ಲಿ ಮಧ್ಯಾಹ್ನ ಟಪ್ ಅಂತ ಶಬ್ದ ಬಂತು. ನಡು ಹಾಲಿನಲ್ಲಿ ನಾಲ್ಕು ಟೈಲ್ ಡೇರೆಯ ಹಾಗೆ ಎದ್ದು ನಿಂತಿದ್ದವು. ಹಾಗಾಗಿ ಎರಡು ಮಾತು ಬರೆಸಿಕೊಳ್ಳಿ: ಟೈಲ್ ಅಂಟೇ ಬಳಸಬೇಕು, ಕನಿಷ್ಠ 2 ಮಿಲಿಮೀಟರ್ ಸಂದು ಬಿಡಬೇಕು. ಮುಗಿದ ಮೇಲೆ ಒಂದು ನಾಣ್ಯದಿಂದ ಪ್ರತಿ ಟೈಲಿನ ಮೂಲೆಗೂ ತಟ್ಟಿ. ಡಬ್ ಅಂದರೆ ಒಳಗೆ ಪೊಳ್ಳು. ಆ ಟೈಲ್ ತೆಗೆಸಿಯೇ ಪೂರ್ತಿ ದುಡ್ಡು ಕೊಡಿ.

ಹಳೆ ನೆಲ ಒಡೆಯದೆ ಅದರ ಮೇಲೇ ಟೈಲ್ ಹಾಕುವುದೂ ಉಂಟು. ಧೂಳು ಕಡಿಮೆ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ನೆಲ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಏರುತ್ತದೆ, ಬಾಗಿಲುಗಳ ಬುಡ ಕೊಯ್ಯಿಸಬೇಕು. ಹಾಲಿನಿಂದ ಅಡುಗೆಮನೆಗೆ ಹೋಗುವ ಕಡೆ ಒಂದು ಸಣ್ಣ ಮೆಟ್ಟಿಲಿನಂಥದ್ದು ಉಳಿಯುತ್ತದೆ. ವಯಸ್ಸಾದವರು ಎಡವುವುದು ದೊಡ್ಡ ಮೆಟ್ಟಿಲಿಗಲ್ಲ, ಇಂಥ ಅರ್ಧ ಇಂಚಿಗೆ. ಅಲ್ಲಿ ಇಳಿಜಾರು ಪಟ್ಟಿ ಕೇಳಿ ಹಾಕಿಸಿ. ಕೆಳಗಿನ ನೆಲ ಗಟ್ಟಿ ಇದ್ದು ಒಣಗಿದ್ದರೆ ಮಾತ್ರ ಈ ದಾರಿ.

ಹೊಳಪಿನ ಟೈಲೋ ಮ್ಯಾಟ್ ಟೈಲೋ? ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಮ್ಯಾಟ್. ಇದರಲ್ಲಿ ಚರ್ಚೆಗೆ ಜಾಗ ಇಲ್ಲ. ಕೊಳೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಒರೆಸುವವರು ಗೊಣಗುತ್ತಾರೆ, ಗೊಣಗಲಿ.

ಗ್ರಾನೈಟ್ ಗಟ್ಟಿ, ತಂಪು, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಆದರೆ ಕಲ್ಲಿನ ದಪ್ಪ, ಕೆಳಗಿನ ಗಾರೆ ಎಲ್ಲ ಸೇರಿ ಎರಡೂವರೆ ಇಂಚಿನ ಹತ್ತಿರ ಬೇಕು. ಅಂದರೆ ಹಳೆ ನೆಲ ಒಡೆಯಲೇಬೇಕು. ಮಹಡಿಯ ಮೇಲಿನ ಹಾಲ್ ಆದರೆ ಆ ಭಾರ ಇಂಜಿನಿಯರ್‌ಗೆ ತೋರಿಸದೆ ಹಾಕಿಸಬೇಡಿ. ಇಡೀ ಮನೆಯ ನೆಲ ಬದಲಿಸುವವರಿಗೆ ಗ್ರಾನೈಟ್ ಲೆಕ್ಕ ಕೂಡುತ್ತದೆ. ಒಂದು ಹಾಲಿಗಾಗಿ ಅಂದರೆ ನನಗೆ ಒಪ್ಪಿಗೆ ಇಲ್ಲ.

ಮಾಳಿಗೆ ಮನೆಯಲ್ಲಿ ಇರುವ ಚಪ್ಪಡಿ ಕಲ್ಲಿನ ನೆಲವನ್ನು ಮುಟ್ಟಲೇಬೇಡಿ. ಸಂದುಗಳನ್ನು ಕೆರೆದು ಹೊಸ ಗಾರೆ ತುಂಬಿದರೆ ಮುಗಿಯಿತು.

ಗೋಡೆ ಮತ್ತು ಅದರೊಳಗಿನ ತೇವ

ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗೇ ಇದೆ. ಖರ್ಚು ಹತ್ತು ರೂಪಾಯಿ.

ತೇವ ಇರುವ ಗೋಡೆಗೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಒಂದೆರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಇನ್ನೂ ಕೆಟ್ಟದ್ದು. ಒಳಗಿನದು ಮೆತ್ತಗೆ, ಮೇಲಿನದು ಗಟ್ಟಿ, ಎರಡಕ್ಕೂ ಹೊಂದಿಕೆ ಇಲ್ಲ. ತೇವ ಒಳಗೇ ಕೂತು ಒಂದು ದಿನ ತಟ್ಟೆಯಷ್ಟಗಲದ ಹೆಕ್ಕಳಿಕೆ ಬೀಳುತ್ತದೆ. ಮಣ್ಣು ಮತ್ತು ಸುಣ್ಣದ ಗೋಡೆಗೆ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಸರಿ. ಉಸಿರಾಡುತ್ತದೆ. ಇದರ ಕಷ್ಟವೂ ಗೊತ್ತಿರಲಿ: ನಿಧಾನ, ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆ, ಒರಗಿ ಕೂತರೆ ಬೆನ್ನಿಗೆ ಬಿಳಿ ಹತ್ತುತ್ತದೆ. ಒರಗುವ ಎತ್ತರದವರೆಗೆ ಚಾಪೆಯೋ ಮರದ ಪಟ್ಟಿಯೋ ಕಟ್ಟಿಕೊಳ್ಳಬಹುದು.

ಈಗ ಎಲ್ಲ ಕಡೆ ಕಾಣುವ ಪಿವಿಸಿ ಪ್ಯಾನೆಲ್ ಒಂದೇ ದಿನದಲ್ಲಿ ಗೋಡೆಗೆ ಹೊಸ ಮುಖ ಕೊಡುತ್ತದೆ. ಒಣಗಿದ ಗೋಡೆಗೆ, ಟಿವಿಯ ಹಿಂದೆ ಒಂದಿಷ್ಟು ಜಾಗಕ್ಕೆ ಆದರೆ ಸರಿ. ತೇವದ ಗೋಡೆಗೆ ಹಾಕಿದರೆ ಅದರ ಹಿಂದೆ ಜಿರಳೆಗಳ ಸಂಸಾರ.

ವೈರಿಂಗ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಆಯ್ಕೆ ಅನ್ನುವುದೇ ಇಲ್ಲ. ಮರದ ಪಟ್ಟಿಯ ಮೇಲೆ ಓಡುವ ಹಳೆ ತಂತಿ ಇದ್ದರೆ ತೆಗೆಸಿ. ಲೈಟಿಗೆ 1.5, ದೊಡ್ಡ ಪ್ಲಗ್ಗಿಗೆ 2.5, ಏಸಿಗೆ ಬೇರೆಯೇ ಲೈನಿನಲ್ಲಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್. ಏಸಿ ಸೇರಿದರೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕಾ ಕೇಳಿ. ಇದೆಲ್ಲ ಗಿಲಾವಿಗೆ ಮುಂಚೆ ಆಗಬೇಕು. ಬಣ್ಣ ಆದ ಮೇಲೆ ಗೋಡೆ ಕೊರೆಸಿದವರ ಮುಖ ನೋಡಿದ್ದೇನೆ.

ಗೋಡೆ ಒಡೆದು ದೊಡ್ಡ ಹಾಲ್ ಮಾಡೋದು

ಹಾಲ್, ಅಡುಗೆಮನೆ ಒಂದೇ ಆದರೆ ಚೆನ್ನ ಅಂತ ಮಕ್ಕಳಿಗೆ ಆಸೆ. ಹಳೆ ಮನೆಗಳಲ್ಲಿ ಕಂಬ, ಬೀಮುಗಳ ಚೌಕಟ್ಟು ಇರುವುದಿಲ್ಲ. ಗೋಡೆಯೇ ಭಾರ ಹೊರುವುದು. 9 ಇಂಚಿನ ಗೋಡೆ, ಅದಕ್ಕಿಂತ ದಪ್ಪದ್ದು ಕಂಡರೆ ಅದು ಹೊರುತ್ತಿದೆ ಅಂತಲೇ ತಿಳಿಯಿರಿ. ಜಂತೆ ಯಾವ ಗೋಡೆಯ ಮೇಲೆ ಕೂತಿದೆ, ಮೇಲ್ಮಹಡಿಯಲ್ಲಿ ಅದೇ ಸಾಲಿಗೆ ಗೋಡೆ ಇದೆಯಾ ನೋಡಿ. ನಾಲ್ಕೂವರೆ ಇಂಚಿನ ಗೋಡೆ ಬರೀ ಮರೆ ಇರಬಹುದು, ಅದರ ಮೇಲೂ ಅಟ್ಟ ಕೂತಿರಬಹುದು. ಒಡೆಯುವುದೇ ಆದರೆ ಮೇಲೆ ಕಬ್ಬಿಣದ ಗರ್ಡರ್ ಕೊಡಬೇಕು, ಅದನ್ನು ಲೆಕ್ಕ ಹಾಕಿ ಕೊಡಬೇಕಾದದ್ದು ಇಂಜಿನಿಯರ್. "ನಾನು ಇಂಥವು ಎಷ್ಟೋ ಒಡೆದಿದ್ದೀನಿ" ಅನ್ನುವ ಮೇಸ್ತ್ರಿಯ ಮಾತಿನ ಮೇಲೆ ಸುತ್ತಿಗೆ ಎತ್ತಿಸಬೇಡಿ.

ಇನ್ನೊಂದು ಮಾತು. ನಮ್ಮ ಕಡೆಯ ಅಡುಗೆಯಲ್ಲಿ ಮೆಣಸಿನಕಾಯಿ ಒಗ್ಗರಣೆಯ ಘಾಟು ಮೂರನೇ ಮನೆಯವರನ್ನೂ ಕೆಮ್ಮಿಸುತ್ತದೆ. ಗೋಡೆ ತೆಗೆದರೆ ಆ ಘಾಟು ನೇರ ಸೋಫಾದ ಬಟ್ಟೆಗೆ. ಚೌಕಿಪೇಟೆಯವರಿಗೆ ನಾನು ಹೇಳಿದ್ದು ಮೂರಡಿ ಅಗಲದ ಒಂದು ಕಿಂಡಿ, ಮೇಲೆ ಲಿಂಟಲ್, ಮುಚ್ಚಲು ಬಾಗಿಲು. ಊಟ ದಾಟಿಸಬಹುದು, ಮಾತಾಡಬಹುದು, ಒಗ್ಗರಣೆ ಹೊತ್ತಿಗೆ ಮುಚ್ಚಬಹುದು.

ಕೂರೋದು ಎಲ್ಲಿ

12 ಅಡಿ ಅಗಲದ ಹಾಲಿಗೆ ದೊಡ್ಡ ಸೋಫಾ ಸೆಟ್ ತಂದರೆ ಅರ್ಧ ಹಾಲ್ ಅದಕ್ಕೇ ಆಯಿತು. ಐದು ಜನ ಕೂರುತ್ತಾರೆ. ಅದೇ ಜಾಗದಲ್ಲಿ ಜಮಖಾನೆ ಹಾಸಿದರೆ ಹದಿನೈದು ಜನ. ಹಬ್ಬ, ತೊಟ್ಟಿಲ ಶಾಸ್ತ್ರ ಜಾಸ್ತಿ ನಡೆಯುವ ಮನೆಗೆ ಕಿಟಕಿ ಉದ್ದಕ್ಕೂ ಒಂದು ಕಟ್ಟೆ ಕಟ್ಟಿಸಿಕೊಳ್ಳುವುದು ವಾಸಿ. ಎತ್ತರ 17–18 ಇಂಚು ಇರಲಿ, ಮಂಡಿ ನೋವಿನವರು ಕೈ ಊರದೆ ಏಳುತ್ತಾರೆ. ಕೆಳಗೆ ಹಾಸಿಗೆ, ಚಾಪೆ ಇಡಲು ಖಾನೆ. ಇಬ್ಬರೇ ಇರುವ ಮನೆಗೆ, ಟಿವಿ ಮುಂದೆ ಜಾಸ್ತಿ ಹೊತ್ತು ಕೂರುವವರಿಗೆ ಸೋಫಾನೇ ಸರಿ. ಕಟ್ಟೆಯ ಮೇಲೆ ಎರಡೂವರೆ ಗಂಟೆ ಸಿನಿಮಾ ನೋಡಿದರೆ ಸೊಂಟ ಹಿಡಿಯುತ್ತದೆ, ಅಲ್ವಾ?

ನೆಲಕ್ಕೆ ಹತ್ತಿರದ ಯಾವ ಮರಗೆಲಸಕ್ಕೂ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಬೇಡ. ಒರೆಸುವ ನೀರಿಗೇ ಉಬ್ಬುತ್ತದೆ. ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈವುಡ್ ಕೇಳಿ. ಮೇಲಿನ ಖಾನೆಗಳಿಗೆ ಸಾಮಾನ್ಯ ಬಳಕೆಯ ಐಎಸ್ 303 ಸಾಕು. ಹಳೆ ತೇಗದ ಬಾಗಿಲು, ಕಿಟಕಿಗಳ ಬಣ್ಣ ಕೆರೆಸಿ ಪಾಲಿಶ್ ಮಾಡಿಸಿ. ಅಷ್ಟು ಗಟ್ಟಿ ಮರ ಇವತ್ತು ಕೊಳ್ಳಲು ಹೋದರೆ ಬೆಲೆ ಕೇಳಿ ವಾಪಸ್ ಬರುತ್ತೀರಿ. ಸಿಮೆಂಟ್ ಶೋಕೇಸಿನ ಗಾಜು ತೆಗೆದು, ಒಳಗೆ ಒಂದು ಲೈಟು ಕೊಟ್ಟು, ಪುಸ್ತಕ ಜೋಡಿಸಿ. ತಾಜ್ ಮಹಲಿಗೆ ಬೇಕಾದರೆ ಒಂದು ಖಾನೆ ಬಿಡಿ.

ದುಡ್ಡು ಹಿಡಿದು ಹೇಳೋದಾದರೆ

ಕೈಯಲ್ಲಿ 50 ಸಾವಿರದ ಒಳಗೆ ಇದ್ದರೆ: ತಾರಸಿಯ ಸೋರಿಕೆ, ಬಿಳಿ ಲೇಪ, ನೆಲದ ಪಾಲಿಶ್, ಬಣ್ಣ. ವೈರಿಂಗ್ ಕೆಟ್ಟಿದ್ದರೆ ಬಣ್ಣ ಮುಂದಿನ ವರ್ಷಕ್ಕೆ. ಒಂದೂವರೆ, ಎರಡು ಲಕ್ಷ ಇದ್ದರೆ ಪೂರ್ತಿ ವೈರಿಂಗ್, ಬೇಕಾದರೆ ಮ್ಯಾಟ್ ಟೈಲ್ಸ್, ಕಟ್ಟೆ, ಬಾಗಿಲು ಪಾಲಿಶ್ ಸೇರಿಸಬಹುದು. ನಾಲ್ಕು ಲಕ್ಷ ದಾಟುವವರು ಮಾತ್ರ ಗೋಡೆ ಒಡೆಯುವ, ಗ್ರಾನೈಟಿನ ಮಾತಾಡಲಿ. ಅದರಲ್ಲೂ ಐದರಲ್ಲಿ ಒಂದು ಭಾಗ ಮುಟ್ಟದೆ ಇಟ್ಟುಕೊಳ್ಳಿ. ಹಳೆ ಗೋಡೆ ಕೆರೆದಾಗ ಏನು ಹೊರಬರುತ್ತದೆ ಅಂತ ಯಾವ ಮೇಸ್ತ್ರಿಗೂ ಮೊದಲೇ ಗೊತ್ತಿರುವುದಿಲ್ಲ.

ಬಾಡಿಗೆಗೆ ಕೊಡುವ ಮನೆಯಾದರೆ ಯೋಚನೆ ಬೇರೆ. ಆಗ ಟೈಲ್ಸ್ ಮೇಲು, ಯಾಕೆಂದರೆ ಮೊಸಾಯಿಕ್ ಮತ್ತು ಕೆಂಪು ಗಾರೆಯನ್ನು ಬಾಡಿಗೆದಾರರು ನಿಮ್ಮಷ್ಟು ಜೋಪಾನ ಮಾಡುವುದಿಲ್ಲ.

ಕೆಲಸ ಶುರು ಮಾಡಲು ಸಂಕ್ರಾಂತಿ ಆದ ಮೇಲಿನ ಒಂದೂವರೆ ತಿಂಗಳು ಒಳ್ಳೆಯದು. ಬಿಸಿಲು ಇನ್ನೂ ಏರಿರುವುದಿಲ್ಲ, ಗಾರೆ ನಿಧಾನ ಒಣಗುತ್ತದೆ, ನೀರಿಗೂ ತೊಂದರೆ ಇಲ್ಲ. ಮೇಲಿನ ಕೆಲಸ ಮುಗಿಸಿ ಒಂದು ಮಳೆಗಾಲ ಕಾಯಲು ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ಮಳೆ ಬಿದ್ದಾಗ ಚಾವಣಿ ಒಣಗಿದ್ದರೆ ಆಮೇಲೆ ಒಳಗಿನ ಬಣ್ಣ.

ವಿನೋಬನಗರದವರು ಮೊಸಾಯಿಕ್ ಪಾಲಿಶ್‌ಗೆ ಒಪ್ಪಿದ್ದಾರೆ, ಫಾಲ್ಸ್ ಸೀಲಿಂಗ್ ಬಿಡಲು ಇನ್ನೂ ಮನಸ್ಸಿಲ್ಲ. ಚೌಕಿಪೇಟೆಯವರು ಜಂತೆ ಚುಚ್ಚಿ ನೋಡಿದರು, ಎರಡರ ತುದಿ ಹೋಗಿದೆ, ಬಡಗಿ ಬರಬೇಕು. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಗವಾಕ್ಷಿ ಗಾಜು ಒಡೆದಿದೆ, ಮಂಗ ಇಣುಕುತ್ತೆ. ಅದನ್ನ ಮೊದಲು ಹಾಕಿಸು."

ಮುಂದಿನ ಭಾನುವಾರ ಗಟ್ಟಿ ಗಾಜು ತಗೊಂಡು ಹೋಗುತ್ತಿದ್ದೇನೆ.